ಕರೆಂಟ್ ಹೋದರೆ ರೋಲರ್ ಕೋಸ್ಟರ್ ಏನಾಗುತ್ತದೆ?

ಪ್ರಶ್ನೆ: ನಮಸ್ಕಾರ ಸರ್. ನಾನು ತೀರ್ಥಹಳ್ಳಿ ಕಡೆಯವನು, ಶಿವಮೊಗ್ಗದಲ್ಲಿ ಡಿಪ್ಲೊಮಾ ಓದುತ್ತಿದ್ದೇನೆ. ಕಳೆದ ತಿಂಗಳು ಗೆಳೆಯರೆಲ್ಲ ಸೇರಿ ಬಿಡದಿಯ ವಂಡರ್‌ಲಾಗೆ ಹೋಗಿದ್ದೆವು. ಅಲ್ಲಿನ ರಿಕಾಯಿಲ್ ಎಂಬ ರೋಲರ್ ಕೋಸ್ಟರ್ ಹತ್ತಲು ಸಾಲಿನಲ್ಲಿ ನಿಂತಾಗ ಒಬ್ಬ ಗೆಳೆಯ ‘ಈಗ ಕರೆಂಟ್ ಹೋದ್ರೆ ಏನ್ ಗತಿ?’ ಅಂದ. ಕೊನೆಗೂ ಹತ್ತಲಿಲ್ಲ. ಜನ ಗಂಟೆಗಟ್ಟಲೆ ತಲೆಕೆಳಗಾಗಿ ನೇತಾಡಿದ ವಿಡಿಯೊ ವಾಟ್ಸ್‌ಆ್ಯಪ್‌ನಲ್ಲಿ ನೋಡಿದ್ದನಂತೆ. ಹೊಸ ಕೋಸ್ಟರ್‌ಗಳೆಲ್ಲ ಮ್ಯಾಗ್ನೆಟ್‌ನಿಂದ ಓಡುತ್ತವೆ, ಬ್ರೇಕೂ ಮ್ಯಾಗ್ನೆಟ್‌ದೇ ಅಂತ ಕೇಳಿದ್ದೇನೆ. ಹಾಗಾದರೆ ಕರೆಂಟ್ ಹೋದರೆ ಬ್ರೇಕೂ ಹೋಯಿತು, ಅಲ್ವಾ? ಇನ್ನೊಂದು ಪ್ರಶ್ನೆ: ಕೊನೆ ಸೀಟಿನಲ್ಲೇ ಮಜಾ ಜಾಸ್ತಿ ಅನ್ನುವುದು ನಿಜವಾ?

ಉತ್ತರ: ಈ ಪ್ರಶ್ನೆ ಮಲೆನಾಡಿನವರಿಂದಲೇ ಬರಬೇಕು. ಆಷಾಢದಲ್ಲಿ ಲೈನ್ ಮೇಲೆ ಒಂದು ಮರ ಬಿದ್ದರೆ ಮೂರು ದಿನ ಕತ್ತಲಲ್ಲಿ ಕೂರುವವರಿಗೆ ಮೊದಲು ಹೊಳೆಯುವುದೇ ಇದು. ನಾನೂ ಸಾಗರದ ಕಡೆಯವನು. ಹಲವು ವರ್ಷ ಪಾರ್ಕ್‌ಗಳಲ್ಲಿ ರೈಡ್ ಮೇಂಟೆನೆನ್ಸ್ ಮಾಡಿ ಈಗ ತೋಟ ನೋಡಿಕೊಂಡಿದ್ದೇನೆ. ನಿಮ್ಮ ಗೆಳೆಯನನ್ನು ಪುಕ್ಕಲ ಅಂತ ರೇಗಿಸಬೇಡಿ. ಅವನು ಕೇಳಿದ್ದು ಸರಿಯಾದ ಪ್ರಶ್ನೆ. ಉತ್ತರ ಮಾತ್ರ ಅವನು ಅಂದುಕೊಂಡದ್ದಕ್ಕೆ ಉಲ್ಟಾ. ಕೆಲಸದಲ್ಲಿದ್ದಾಗ ನನಗೆ ಕರೆಂಟ್ ಹೋಗುವುದು ದೊಡ್ಡ ತಲೆಬಿಸಿ ಆಗಿರಲಿಲ್ಲ. ಕರೆಂಟ್ ಮತ್ತೆ ಬಂದಾಗ ಮನುಷ್ಯರು ಏನು ಮಾಡುತ್ತಾರೆ ಅನ್ನುವುದೇ ತಲೆಬಿಸಿ.

ಲಿಂಗನಮಕ್ಕಿಯ ನೀರು ಜೋಗದ ಕೆಳಗೆ ಬಿದ್ದು ಕರೆಂಟ್ ಆಗುತ್ತದೆ. ಕೋಸ್ಟರ್‌ನದು ಇದೇ ಲೆಕ್ಕ, ತಿರುಗಿಸಿ ಬರೆದದ್ದು. ಮೊದಲು ಕರೆಂಟ್ ಸುಟ್ಟು ರೈಲನ್ನು ಮೇಲೆತ್ತುತ್ತಾರೆ. ಆಮೇಲೆ ಅದು ತಾನಾಗಿ ಬೀಳುತ್ತದೆ. (ನಾಡಿಗೆಲ್ಲ ಕರೆಂಟ್ ಕೊಟ್ಟ ಶರಾವತಿ ದಂಡೆಯವರೇ ಕತ್ತಲಲ್ಲಿ ಕೂರುವ ಕಥೆ ಬೇರೆ, ಅದನ್ನು ಇಲ್ಲಿ ತೆಗೆಯುವುದಿಲ್ಲ.) ಚೈನ್ ಎಳೆದು ನೆತ್ತಿಯಿಂದ ಬಿಟ್ಟ ಮೇಲೆ ಹಳೇ ಮಾದರಿಯ ಕೋಸ್ಟರ್ ರೈಲಿಗೆ ಎಂಜಿನ್ ಇಲ್ಲ, ಮೋಟಾರ್ ಇಲ್ಲ. ಪಾರ್ಕಿನಲ್ಲಿ ಕರೆಂಟ್ ಹೋದದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ.

1884ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡ್‌ನಲ್ಲಿ ಲಾಮಾರ್ಕಸ್ ಥಾಮ್ಸನ್ ಕಟ್ಟಿದ ಸ್ವಿಚ್‌ಬ್ಯಾಕ್ ರೈಲ್ವೆಗೆ ಕರೆಂಟೇ ಇರಲಿಲ್ಲ. ಜನ ಮೆಟ್ಟಿಲು ಹತ್ತಿ ಮೇಲೆ ಹೋಗಿ, ಬಂಡಿಯಲ್ಲಿ ಕೂತು, ಗಂಟೆಗೆ ಹತ್ತು ಕಿ.ಮೀ. ಆಸುಪಾಸಿನ ವೇಗದಲ್ಲಿ ಜಾರುತ್ತಿದ್ದರು. ನಮ್ಮ ಮಕ್ಕಳು ಅಡಿಕೆ ಹಾಳೆ ಮೇಲೆ ಕೂತು ಗುಡ್ಡ ಜಾರುವುದಕ್ಕಿಂತ ಅದೇನೂ ಜಾಸ್ತಿ ಅಲ್ಲ.

ಎಷ್ಟು ಎತ್ತರವೋ ಅಷ್ಟು ವೇಗ, ಆದರೆ ಒಂದಕ್ಕೊಂದು ಸರಿಸಮನಾಗಿ ಅಲ್ಲ. ಗಾಳಿ, ತಿಕ್ಕಾಟ ಎರಡನ್ನೂ ಬಿಟ್ಟು ಲೆಕ್ಕ ಹಾಕಿದರೆ 30 ಮೀಟರ್ ಇಳಿದ ರೈಲಿಗೆ ಗಂಟೆಗೆ ಸುಮಾರು 87 ಕಿ.ಮೀ. ವೇಗ ಬರುತ್ತದೆ. ಇದರ ಎರಡರಷ್ಟು ವೇಗ ಬೇಕೆಂದರೆ ನಾಲ್ಕರಷ್ಟು ಎತ್ತರ ಬೇಕು. ನನಗೆ ಇಷ್ಟವಾದ ಒಂದು ಲೆಕ್ಕ ಇದೆ. ಜೋಗದ ರಾಜಾ ಧಾರೆಯ ಎತ್ತರ 253 ಮೀಟರ್. ಅಷ್ಟು ಎತ್ತರದಿಂದ ಬಿಟ್ಟ ರೈಲು ಕೆಳಗೆ ಮುಟ್ಟುವಾಗ ವೇಗ ಗಂಟೆಗೆ ಸುಮಾರು 253 ಕಿ.ಮೀ.! ಎರಡೂ ಅಂಕಿ ಒಂದೇ ಆಗಿರುವುದು ಬರೀ ಕಾಕತಾಳೀಯ. ಆದರೂ ನೆನಪಿಡಲು ಸುಲಭ. ಅಬುಧಾಬಿಯ ಫೆರಾರಿ ವರ್ಲ್ಡ್‌ನಲ್ಲಿ 2010ರಲ್ಲಿ ಶುರುವಾದ ಫಾರ್ಮುಲಾ ರೊಸ್ಸಾ ಎಂಬ ಕೋಸ್ಟರಿನ ವೇಗ ಗಂಟೆಗೆ 240 ಕಿ.ಮೀ. ಅಂದರೆ ಹೆಚ್ಚುಕಮ್ಮಿ ಜೋಗದಿಂದ ಬಿದ್ದ ಹಾಗೆ, ನೆಲದ ಮೇಲೇ. ಅಲ್ಲಿ ಕೂರುವವರಿಗೆ ಕಣ್ಣಿಗೆ ಕನ್ನಡಕ ಕೊಡುತ್ತಾರೆ.

ಈಗ ಕರೆಂಟ್ ತೆಗೆಯೋಣ.

ರೈಲು ಚೈನ್ ಮೇಲೆ ಅರ್ಧ ಏರಿದೆ, ಅಷ್ಟರಲ್ಲಿ ಕರೆಂಟ್ ಹೋಯಿತು. ಚೈನ್ ನಿಂತಿತು. ರೈಲು ಹಿಂದಕ್ಕೆ ಉರುಳುತ್ತದಾ? ಇಲ್ಲ. ಏರುವಾಗ ಟಕ್ ಟಕ್ ಟಕ್ ಅಂತ ಸದ್ದು ಕೇಳುತ್ತದಲ್ಲ, ಜನರ ಎದೆ ನಡುಗಿಸುವ ಸದ್ದು, ಅದೇ ನಿಮ್ಮ ಕಾವಲು. ಹಳಿಯ ಪಕ್ಕ ಗರಗಸದಂಥ ಹಲ್ಲುಪಟ್ಟಿ ಇರುತ್ತದೆ. ರೈಲಿನ ಅಡಿಯ ಕಬ್ಬಿಣದ ನಾಲಿಗೆ ಒಂದೊಂದೇ ಹಲ್ಲು ದಾಟಿ ಬೀಳುವ ಸದ್ದು ಅದು. ಮುಂದಕ್ಕೆ ಬಿಡುತ್ತದೆ, ಹಿಂದಕ್ಕೆ ಬಿಡುವುದಿಲ್ಲ. ಸೈಕಲ್ಲಿನ ಫ್ರೀವೀಲ್ ಒಳಗೆ ಟಿಕ್ ಟಿಕ್ ಅನ್ನುವುದೂ ಇಂಥದ್ದೇ. 20ನೇ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ಜಾನ್ ಮಿಲ್ಲರ್ ಇಂಥ ಹಲವು ಭದ್ರತಾ ಭಾಗಗಳಿಗೆ ಪೇಟೆಂಟ್ ಪಡೆದ. ಹಳಿಯ ಕೆಳಗಿನಿಂದ ಹಿಡಿಯುವ ಚಕ್ರವೂ ಅವನದೇ. ಮೇಲೊಂದು, ಪಕ್ಕದಲ್ಲೊಂದು, ಕೆಳಗೊಂದು ಹೀಗೆ ಮೂರು ಬಗೆಯ ಚಕ್ರ ಹಳಿಯನ್ನು ತಬ್ಬಿಕೊಂಡಿರುವುದರಿಂದ ರೈಲು ಹಾರಿ ಹೋಗುವುದಿಲ್ಲ. ನೂರು ವರ್ಷ ಆದರೂ ಇದಕ್ಕಿಂತ ಒಳ್ಳೆಯ ಉಪಾಯ ಯಾರಿಗೂ ಹೊಳೆದಿಲ್ಲ.

ಒಮ್ಮೆ ಹೀಗೇ ಚೈನ್ ಏರಿನ ಮೇಲೆ ರೈಲು ನಿಂತು, ಜನರೇಟರೂ ಕೈಕೊಟ್ಟು, ನಾವು ಒಬ್ಬೊಬ್ಬರನ್ನೇ ಇಳಿಸಿ ಪಕ್ಕದ ಮೆಟ್ಟಿಲ ದಾರಿಯಲ್ಲಿ ಕರೆದುಕೊಂಡು ಬಂದೆವು. ಗಟ್ಟಿಮುಟ್ಟಾದ ಹುಡುಗರೆಲ್ಲ ಕಂಬಿ ಹಿಡಿದು ನಡುಗುತ್ತಿದ್ದರು. ಮೊಮ್ಮಗನ ಜೊತೆ ಹತ್ತಿದ್ದ ಒಬ್ಬರು ಅಜ್ಜಿ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿ ಸರಸರ ಇಳಿದರು. ‘ನಮ್ಮನೆ ತೋಟದ ದರೆ ಇದಕ್ಕಿಂತ ಕಡಿದು ಮಾರಾಯ’ ಅಂದರು. ಯಾವ ಊರಿನವರು ಅಂತ ಕೇಳಬೇಕಾಗಿರಲಿಲ್ಲ.

ಅವರನ್ನು ಇಳಿಸುವಾಗ ಸೀಟಿನ ಬೀಗವನ್ನು ಒಂದೊಂದೇ ಕೈಯಿಂದ ತೆಗೆಯಬೇಕಾಯಿತು. ಇದನ್ನು ನಿಮ್ಮ ಗೆಳೆಯನಿಗೆ ಒತ್ತಿ ಹೇಳಿ. ತೊಡೆ ಮೇಲೆ ಅಥವಾ ಭುಜದ ಮೇಲೆ ಬರುವ ಕಂಬಿ ಕರೆಂಟ್‌ನಿಂದ ಮುಚ್ಚಿಕೊಂಡಿರುವುದಲ್ಲ. ಕೆಲವದರಲ್ಲಿ ಹಲ್ಲುಪಟ್ಟಿ ಇರುತ್ತದೆ. ಈಗಿನವುಗಳಲ್ಲಿ ಆಯಿಲ್ ತುಂಬಿದ ಸಿಲಿಂಡರ್, ಅದರೊಳಗೆ ಒಂದೇ ಕಡೆ ಬಿಡುವ ವಾಲ್ವ್. ಒಂದು ಕೈಕೊಟ್ಟರೂ ಇನ್ನೊಂದು ಹಿಡಿಯಲಿ ಅಂತ ಸಾಮಾನ್ಯವಾಗಿ ಎರಡು ಇಡುತ್ತಾರೆ. ಬೀಗ ತೆಗೆಯಲು ಶಕ್ತಿ ಬೇಕು, ಹಾಕಿಕೊಂಡಿರಲು ಏನೂ ಬೇಡ.

ಇನ್ನು ಬ್ರೇಕ್. ನೀವು ಎಡವಿದ್ದು ಇಲ್ಲಿ. ಎಡವುವುದು ಸಹಜ. ಡಿಪ್ಲೊಮಾ ಲ್ಯಾಬಿನಲ್ಲಿ ಮ್ಯಾಗ್ನೆಟ್ ಅಂದರೆ ಕಾಯಿಲ್ ಸುತ್ತಿ ಸ್ವಿಚ್ ಹಾಕುವುದನ್ನೇ ಜಾಸ್ತಿ ನೋಡಿರುತ್ತೀರಿ. ಕೋಸ್ಟರ್ ಬ್ರೇಕಿನದು ಶಾಶ್ವತ ಮ್ಯಾಗ್ನೆಟ್, ಅದಕ್ಕೆ ಸ್ವಿಚ್ಚೇ ಇಲ್ಲ. ಎರಡು ಸಾಲು ಮ್ಯಾಗ್ನೆಟ್ ನಡುವೆ ತಾಮ್ರ ಅಥವಾ ಅಲ್ಯೂಮಿನಿಯಂನಂಥ ಲೋಹದ ಪಟ್ಟಿ ತೂರಿ ಹೋಗುತ್ತದೆ. ಒಂದು ರೈಲಿನಲ್ಲಿ, ಇನ್ನೊಂದು ಹಳಿಯಲ್ಲಿ. ಪಟ್ಟಿ ಓಡುವಾಗ ಅದರೊಳಗೇ ಕರೆಂಟ್ ಹುಟ್ಟಿ ಸುಳಿ ಸುತ್ತುತ್ತದೆ. ಆ ಸುಳಿ ತನ್ನದೇ ಕಾಂತಬಲ ಹುಟ್ಟಿಸಿ ಓಟಕ್ಕೆ ಅಡ್ಡ ನಿಲ್ಲುತ್ತದೆ. ಅಂದರೆ ಬ್ರೇಕಿಗೆ ಬೇಕಾದ ಕರೆಂಟನ್ನು ಓಡುವ ರೈಲೇ ಮಾಡಿಕೊಳ್ಳುತ್ತದೆ. ಜೋರಾಗಿ ಬಂದಷ್ಟೂ ಜೋರಾಗಿ ಹಿಡಿಯುತ್ತದೆ.

ನಂಬಿಕೆ ಬರದಿದ್ದರೆ ಎ.ಸಿ. ರಿಪೇರಿ ಅಂಗಡಿಯಿಂದ ಒಂದು ಅಡಿ ತಾಮ್ರದ ಪೈಪ್ ತನ್ನಿ. ಅದರೊಳಗೆ ಸಲೀಸಾಗಿ ಹೋಗುವಷ್ಟು ಸಣ್ಣ, ಗಟ್ಟಿ ಮ್ಯಾಗ್ನೆಟ್ ಒಂದನ್ನು ಮೇಲಿನಿಂದ ಬಿಡಿ. ಅಂಟಿಕೊಳ್ಳುವುದಿಲ್ಲ, ತಾಗುವುದೂ ಬೇಕಿಲ್ಲ. ಆದರೂ ಜೇನುತುಪ್ಪದಲ್ಲಿ ಇಳಿದ ಹಾಗೆ ನಿಧಾನಕ್ಕೆ ಇಳಿಯುತ್ತದೆ. ನಿಮ್ಮ ಗೆಳೆಯನ ಕೈಯಲ್ಲೇ ಮಾಡಿಸಿ.

ತಾಗದೇ ಹಿಡಿಯುವುದರಿಂದ ಮಳೆಯೂ ಇದಕ್ಕೆ ಲೆಕ್ಕಕ್ಕಿಲ್ಲ. ಉಜ್ಜಿ ನಿಲ್ಲಿಸುವ ಬ್ರೇಕಿನ ಕಷ್ಟ ಏನು ಅಂತ ಅಡಿಕೆ ಕೊನೆ ಕೊಯ್ಯುವ ಕೊನೆಗೌಡರನ್ನು ಕೇಳಿ. ಬೇಸಿಗೆಯಲ್ಲಿ ಕಾಲಿಗೆ ತಳೆ ಹಾಕಿ ಅಡಿಕೆ ಮರದಿಂದ ಬೇಕಾದಲ್ಲಿ ತಡೆದು ತಡೆದು ಇಳಿಯುವವರೇ, ಮಳೆಗಾಲದಲ್ಲಿ ಕೊಳೆ ಔಷಧಿ ಹೊಡೆಯಲು ಪಾಚಿ ಕಟ್ಟಿದ ಮರ ಹತ್ತುವಾಗ ಎಷ್ಟು ಹುಷಾರಾಗಿರುತ್ತಾರೆ! ಉಜ್ಜುವ ಬ್ರೇಕ್ ಒದ್ದೆಯಾದರೆ ಹಿಡಿತ ಕಮ್ಮಿ. ಮ್ಯಾಗ್ನೆಟ್ ಬ್ರೇಕಿಗೆ ಆಗುಂಬೆ ಮಳೆಯೂ ಒಂದೇ, ಚಿತ್ರದುರ್ಗದ ಬಿಸಿಲೂ ಒಂದೇ.

ಒಂದು ಕೊರತೆ ಇದೆ. ವೇಗ ಇಳಿದ ಹಾಗೆ ಹಿಡಿತವೂ ಇಳಿಯುತ್ತದೆ. ಪೂರ್ತಿ ನಿಲ್ಲಿಸಿ ಹಿಡಿದುಕೊಳ್ಳಲು ಅದರ ಕೈಲಿ ಆಗುವುದಿಲ್ಲ. ಹಾಗಾಗಿ ಸ್ಟೇಷನ್ ಹತ್ತಿರ ಉಜ್ಜುವ ಬ್ರೇಕ್ ಇದ್ದೇ ಇರುತ್ತದೆ. ಅದೂ ಉಲ್ಟಾ ಜೋಡಣೆಯೇ. ಸ್ಪ್ರಿಂಗ್ ಅದನ್ನು ಮುಚ್ಚಿರುತ್ತದೆ, ಗಾಳಿಯ ಒತ್ತಡ ಕೊಟ್ಟರೆ ಮಾತ್ರ ತೆರೆಯುತ್ತದೆ. ಬೆಳಗಿನ ಮೊದಲ ಬಸ್ಸು ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ಗುರ್ ಗುರ್ ಅನ್ನುತ್ತಾ ನಿಂತಿರುತ್ತದಲ್ಲ, ಡ್ರೈವರ್ ‘ಏರ್ ತುಂಬ್ಲಿ ಇರ್ರಿ’ ಅನ್ನುತ್ತಾರಲ್ಲ? ಗಾಳಿ ತುಂಬದೆ ಅದರ ಪಾರ್ಕಿಂಗ್ ಬ್ರೇಕ್ ಬಿಡುವುದಿಲ್ಲ. ಕೋಸ್ಟರಿನಲ್ಲೂ ಕರೆಂಟ್ ಹೋಗಿ, ವಾಲ್ವ್ ಬಿದ್ದು, ಗಾಳಿ ಹೊರಗೆ ಹೋದರೆ ಬ್ರೇಕ್ ತಾನಾಗಿ ಕಚ್ಚಿಕೊಳ್ಳುತ್ತದೆ.

ಕರೆಂಟ್ ನಿಜವಾಗಿ ಬೇಕಾಗುವುದು ನೀವು ಹೇಳಿದ ಹೊಸ ಬಗೆಯವುಗಳಿಗೆ, ಅಂದರೆ ಎತ್ತಿ ಬಿಡುವ ಬದಲು ಎಸೆಯುವ ಲಾಂಚ್ ಕೋಸ್ಟರ್‌ಗಳಿಗೆ. ಹಳಿಯ ಉದ್ದಕ್ಕೂ ಕಾಯಿಲ್‌ಗಳನ್ನು ಜೋಡಿಸಿ, ರೈಲು ಬಂದ ಹಾಗೆ ಒಂದೊಂದಕ್ಕೇ ಕರೆಂಟ್ ಕೊಟ್ಟು ರೈಲನ್ನು ಮುಂದಕ್ಕೆ ತಳ್ಳುತ್ತಾರೆ. ಮೋಟಾರನ್ನು ಬಿಚ್ಚಿ ಉದ್ದಕ್ಕೆ ಹಾಸಿದ ಹಾಗೆ. ಕೆಲವೇ ಸೆಕೆಂಡಿನಲ್ಲಿ ಭಾರೀ ಕರೆಂಟ್ ಎಳೆಯುತ್ತದೆ. ಪಕ್ಕದ ತೋಟದವರು ಪಂಪ್ ಹಾಕಿದರೆ ನಮ್ಮನೆ ಬಲ್ಬ್ ಮಂಕಾಗುತ್ತದೆ, ಇನ್ನು ಇದನ್ನು ಕೇಳಬೇಕಾ? ಅದಕ್ಕೇ ಹಲವು ಕಡೆ ಕೆಪಾಸಿಟರ್‌ನಲ್ಲೋ ಭಾರದ ಫ್ಲೈವೀಲ್‌ನಲ್ಲೋ ಶಕ್ತಿಯನ್ನು ಮೊದಲೇ ಕೂಡಿಟ್ಟುಕೊಂಡು ಒಮ್ಮೆಲೇ ಬಿಡುತ್ತಾರೆ.

ಒಂದು ಕಾಲದಲ್ಲಿ ದೊಡ್ಡ ಹೆಸರು ಮಾಡಿದ ಇನ್ನೊಂದು ಬಗೆ ಹೈಡ್ರಾಲಿಕ್ ಲಾಂಚ್. ಆಯಿಲ್‌ನಿಂದ ನೈಟ್ರೊಜನ್ ಅನಿಲವನ್ನು ಒತ್ತಿ ಇಟ್ಟು, ಬಿಟ್ಟಾಗ ಅದು ದೊಡ್ಡ ಡ್ರಮ್ ತಿರುಗಿಸಿ ಕೇಬಲ್ ಎಳೆಯುತ್ತದೆ. ಕವಣೆ ಕಲ್ಲಿನ ದೊಡ್ಡಣ್ಣ. ಅಮೆರಿಕದ ನ್ಯೂಜೆರ್ಸಿಯಲ್ಲಿ 2005ರಲ್ಲಿ ಬಂದ ಕಿಂಗ್ಡಾ ಕಾ ಹೀಗೆಯೇ ಗಂಟೆಗೆ 206 ಕಿ.ಮೀ. ವೇಗ ಪಡೆದು 139 ಮೀಟರ್ ಎತ್ತರದ ಗೋಪುರ ದಾಟುತ್ತಿತ್ತು. ಮೇಲಿನ ಲೆಕ್ಕವನ್ನೇ ತಿರುಗಿಸಿ ಹಾಕಿ ನೋಡಿ. 139 ಮೀಟರ್ ಏರಲು ಕಮ್ಮಿಯೆಂದರೂ ಗಂಟೆಗೆ 188 ಕಿ.ಮೀ. ಬೇಕು. ಕೈಯಲ್ಲಿ ಉಳಿಯುವುದು 18 ಕಿ.ಮೀ. ಮಾತ್ರ. ಅದರಲ್ಲೇ ಗಾಳಿಯ ತಡೆ, ಚಕ್ರದ ತಿಕ್ಕಾಟ ಎಲ್ಲ ಕಳೆಯಬೇಕು. ಎದುರು ಗಾಳಿ ಸ್ವಲ್ಪ ಜಾಸ್ತಿಯಾದರೆ ರೈಲು ನೆತ್ತಿ ಮುಟ್ಟುವ ಮೊದಲೇ ಸುಸ್ತಾಗಿ ಹಿಂದಕ್ಕೆ ಜಾರುತ್ತಿತ್ತು. ಇದಕ್ಕೆ ಕೋಸ್ಟರ್ ಹುಚ್ಚಿನವರು ರೋಲ್‌ಬ್ಯಾಕ್ ಅನ್ನುತ್ತಾರೆ. ಹೆದರುವುದಿರಲಿ, ‘ನಂಗೆ ರೋಲ್‌ಬ್ಯಾಕ್ ಸಿಕ್ತು’ ಅಂತ ಲಾಟರಿ ಹೊಡೆದವರ ಹಾಗೆ ಹೇಳಿಕೊಳ್ಳುತ್ತಾರೆ. ಯಾಕೆಂದರೆ ರೈಲು ಮುಂದೆ ಹೋದ ತಕ್ಷಣ ಅದರ ಹಿಂದೆ ಲಾಂಚ್ ಹಳಿಯ ಮೇಲೆ ಮ್ಯಾಗ್ನೆಟ್ ಬ್ರೇಕಿನ ಪಟ್ಟಿಗಳು ಎದ್ದು ನಿಂತಿರುತ್ತವೆ. ವಾಪಸ್ ಬಂದರೆ ಅವೇ ಹಿಡಿದು ನಿಧಾನಿಸುತ್ತವೆ. ತಳ್ಳುವ ಶಕ್ತಿ ಅರ್ಧಕ್ಕೇ ಕೈಕೊಟ್ಟರೂ ಆಗುವುದು ಇಷ್ಟೇ.

ಹೈಡ್ರಾಲಿಕ್ ಕಾಲ ಮುಗಿಯುತ್ತಾ ಬಂದಿದೆ. ಅಷ್ಟು ಆಯಿಲ್, ಅಷ್ಟು ಕೇಬಲ್ ನೋಡಿಕೊಳ್ಳುವ ರಗಳೆ ಮೇಂಟೆನೆನ್ಸ್‌ನವರಿಗೇ ಗೊತ್ತು. ಕಿಂಗ್ಡಾ ಕಾವನ್ನು 2025ರ ಫೆಬ್ರವರಿಯಲ್ಲಿ ಸಿಡಿಮದ್ದು ಇಟ್ಟು ಕೆಡವಿದರು. ಓಹಿಯೊದ ಸೀಡರ್ ಪಾಯಿಂಟ್‌ನಲ್ಲಿ ಅದರ ಅಣ್ಣನಂತಿದ್ದ ಟಾಪ್ ಥ್ರಿಲ್ ಡ್ರ್ಯಾಗ್‌ಸ್ಟರ್ 2024ರಲ್ಲಿ ಮ್ಯಾಗ್ನೆಟ್ ಲಾಂಚ್ ಹಾಕಿಸಿಕೊಂಡು ಹೊಸ ಹೆಸರಿನಲ್ಲಿ ಬಂತು, ಒಂದೇ ವಾರಕ್ಕೆ ರಿಪೇರಿಗೆ ಕೂತು, ಮುಂದಿನ ವರ್ಷ ಮತ್ತೆ ಓಡಿತು. ಒಂದೇ ಬಾರಿಗೆ ಎಸೆಯುವ ಬದಲು ಹಿಂದೆ ಮುಂದೆ ತೂಗಿ ತೂಗಿ ವೇಗ ಕೂಡಿಸುವುದು ಈಗಿನ ರೂಢಿ. ಜೋಕಾಲಿ ಜೀಕಿದ ಹಾಗೆ. ನನ್ನನ್ನು ಕೇಳಿದರೆ ಇದೇ ಚೆಂದ.

ಈಗ ಆ ವಿಡಿಯೊ. ಬಹುಶಃ ನಿಮ್ಮ ಗೆಳೆಯ ನೋಡಿದ್ದು 2023ರ ಜುಲೈನದು. ಅಮೆರಿಕದ ವಿಸ್ಕಾನ್ಸಿನ್‌ನ ಕ್ರ್ಯಾಂಡನ್ ಎಂಬ ಊರಿನ ಜಾತ್ರೆಯಂಥ ಹಬ್ಬದಲ್ಲಿ ಎಂಟು ಜನ, ಹೆಚ್ಚಿನವರು ಮಕ್ಕಳು, ಮೂರು ಗಂಟೆ ತಲೆಕೆಳಗಾಗಿ ಸಿಕ್ಕಿಕೊಂಡರು. ಸುದ್ದಿಯಲ್ಲಿ ರೋಲರ್ ಕೋಸ್ಟರ್ ಅಂತಲೇ ಬಂತು. ಆದರೆ ಅದು ಒಂದೇ ವೃತ್ತದೊಳಗೆ ಮೋಟಾರಿನ ಬಲದಿಂದ ಸುತ್ತುವ, ಬಿಚ್ಚಿ ಬೇರೆ ಊರಿಗೆ ಸಾಗಿಸುವ ಆಟ. ಕೆಟ್ಟದ್ದು ಯಂತ್ರದ ಭಾಗ, ಕರೆಂಟ್ ಅಲ್ಲ. ತಾನಾಗಿ ಓಡುವ ನಿಜವಾದ ಕೋಸ್ಟರ್ ವೇಗ ಸಾಲದೆ ನಿಂತರೆ ಎಲ್ಲಿ ನಿಲ್ಲುತ್ತದೆ? ಬಾಣಲೆಯಲ್ಲಿ ಗೋಲಿ ಬಿಟ್ಟು ನೋಡಿ. ಅತ್ತಿತ್ತ ತೂಗಿ ತಳದಲ್ಲೇ ನಿಲ್ಲುತ್ತದೆ. ರೈಲೂ ಹಾಗೆಯೇ ತಗ್ಗಿನಲ್ಲಿ ನಿಲ್ಲುತ್ತದೆ. ನಾವು ಇದಕ್ಕೆ ‘ವ್ಯಾಲಿ ಆಯ್ತು’ ಅನ್ನುತ್ತಿದ್ದೆವು. ಮೇಂಟೆನೆನ್ಸ್‌ನವರಿಗೆ ಇಡೀ ದಿನದ ಶನಿ, ಒಳಗೆ ಕೂತವರಿಗೆ ಬೇಜಾರು, ಅಷ್ಟೇ. ತಲೆಕೆಳಗಾಗಿ ನಿಲ್ಲಬೇಕಾದರೆ ಏನೋ ಒಂದು ಅಲ್ಲೇ ಕಚ್ಚಿ ಹಿಡಿಯಬೇಕು. ಅದು ಆಗಿಯೇ ಇಲ್ಲ ಅನ್ನಲಾರೆ. 1998ರಲ್ಲಿ ಚಿಕಾಗೊ ಹತ್ತಿರದ ಪಾರ್ಕಿನಲ್ಲಿ ಡೀಮನ್ ಎಂಬ ಕೋಸ್ಟರಿನ ಚಕ್ರ ಕೆಟ್ಟು ಜನ ಲೂಪ್‌ನಲ್ಲಿ ಸಿಕ್ಕಿಕೊಂಡಿದ್ದರು. ಇಷ್ಟು ವರ್ಷದಲ್ಲಿ ಹುಡುಕಿ ಹೇಳಬೇಕಾದಷ್ಟು ಅಪರೂಪ ಅದು.

ಹಾಗಾದರೆ ಹೆದರಬೇಕಾದ್ದು ಯಾವುದಕ್ಕೆ? ನಾನು ಮೊದಲು ಹೇಳಿದ ಮಾತಿಗೆ ಬಂದೆ: ನಿಂತ ರೈಡನ್ನು ಮತ್ತೆ ಓಡಿಸುವ ಮನುಷ್ಯರಿಗೆ.

ನಮ್ಮ ಕಡೆಯ ಒಂಟಿ ಹಳಿಗಳಲ್ಲಿ ಹಿಂದೆ ಡ್ರೈವರ್‌ಗೆ ಬೆತ್ತದ ಬಳೆಯಲ್ಲಿ ಒಂದು ಟೋಕನ್ ಕೊಡುತ್ತಿದ್ದರು, ಹಿರಿಯರನ್ನು ಕೇಳಿ. ಟೋಕನ್ ಕೈಯಲ್ಲಿಲ್ಲದೆ ಆ ತುಂಡು ಹಳಿಗೆ ರೈಲು ನುಗ್ಗುವ ಹಾಗಿಲ್ಲ. ಕೋಸ್ಟರಿನಲ್ಲೂ ಹಳಿಯನ್ನು ಬ್ಲಾಕ್‌ಗಳಾಗಿ ತುಂಡು ಮಾಡಿರುತ್ತಾರೆ. ಒಂದು ಬ್ಲಾಕಿನಲ್ಲಿ ಒಂದೇ ರೈಲು. ಮುಂದಿನದು ಖಾಲಿಯಾಗದೆ ಹಿಂದಿನ ರೈಲನ್ನು ಕಂಪ್ಯೂಟರ್ ಬಿಡುವುದಿಲ್ಲ. ಇಂಗ್ಲೆಂಡಿನ ಆಲ್ಟನ್ ಟವರ್ಸ್ ಪಾರ್ಕಿನಲ್ಲಿ 2015ರ ಜೂನ್ 2ರಂದು ಸ್ಮೈಲರ್ ಕೋಸ್ಟರಿನ ಕಂಪ್ಯೂಟರ್ ಹಾಗೆಯೇ 16 ಜನರಿದ್ದ ರೈಲನ್ನು ತಡೆದು ನಿಲ್ಲಿಸಿತ್ತು. ಮುಂದೆ ಒಂದು ಖಾಲಿ ರೈಲು ವ್ಯಾಲಿ ಆಗಿ ನಿಂತಿತ್ತು. ಎಂಜಿನಿಯರ್‌ಗಳಿಗೆ ಅದು ಗೊತ್ತಿರಲಿಲ್ಲ. ಕಂಪ್ಯೂಟರ್ ತಪ್ಪು ತಿಳಿದಿದೆ ಅಂದುಕೊಂಡು ತಡೆಯನ್ನು ದಾಟಿಸಿ ರೈಲು ಬಿಟ್ಟರು. ಡಿಕ್ಕಿಯಾಗಿ ಇಬ್ಬರು ಯುವತಿಯರು ತಲಾ ಒಂದು ಕಾಲು ಕಳೆದುಕೊಂಡರು. ಮರುವರ್ಷ ಕೋರ್ಟ್ ಕಂಪನಿಗೆ 50 ಲಕ್ಷ ಪೌಂಡ್ ದಂಡ ಹಾಕಿತು. ಯಂತ್ರ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ಉದ್ದದ ಸಾಲು, ನಿಂತ ರೈಡ್, ‘ಬೇಗ ಬೇಗ’ ಅನ್ನುವ ಒತ್ತಡ. ಆ ಒತ್ತಡ ಎಂಥದ್ದು ಅಂತ ನನಗೆ ಗೊತ್ತು. ನಾನೂ ತಡೆ ದಾಟಿಸುವ ಕೀ ಕೈಯಲ್ಲಿ ಹಿಡಿದು ಅಂಥ ಕಡೆ ನಿಂತವನೇ.

ನಿಮ್ಮ ಗೆಳೆಯನ ಹೆದರಿಕೆಯನ್ನು ನಾನಾದರೆ ಜಾತ್ರೆಯ ಕಡೆಗೆ ತಿರುಗಿಸುತ್ತಿದ್ದೆ. ಕೆಲವು ವರ್ಷದ ಹಿಂದೆ ಒಂದು ಜಾತ್ರೆಯಲ್ಲಿ ಮಕ್ಕಳ ಡ್ರ್ಯಾಗನ್ ರೈಲಿನ ಸೀಟಿನ ಕಂಬಿಗೆ ಪಿನ್ ಇರಬೇಕಾದಲ್ಲಿ ಬೇಲಿ ತಂತಿ ಸುತ್ತಿದ್ದನ್ನು ಕಣ್ಣಾರೆ ನೋಡಿದ್ದೇನೆ. ಕೇಳಿದರೆ ‘ಏನಾಗಲ್ಲ ಬಿಡಿ ಸಾರ್’ ಅಂದರು. ಅವತ್ತು ನನ್ನ ತಂಗಿಯ ಮಗಳನ್ನು ಇಳಿಸಿಕೊಂಡು ಬಂದೆ. ಅವಳು ಮನೆ ತನಕ ಅತ್ತಳು.

ಕೊನೆಗೆ ಕೊನೆ ಸೀಟು. ನಮ್ಮವರಿಗೆ ಈ ನಂಬಿಕೆ ಬಂದಿರುವುದು ಬಸ್ಸಿನಿಂದ. ತೀರ್ಥಹಳ್ಳಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಹಂಪ್ ಹಾರಿಸಿಕೊಂಡವರಿಗೆ ಬೇರೆ ಸಾಕ್ಷಿ ಬೇಡ. ಆದರೆ ಬಸ್ಸಿನ ಕಾರಣ ಬೇರೆ. ಆ ಸೀಟು ಹಿಂದಿನ ಚಕ್ರದಿಂದ ಆಚೆ ಚಾಚಿಕೊಂಡಿದೆ. ಚಕ್ರ ಒಂದು ಗೇಣು ಎದ್ದರೆ ಬಾಲ ಅದಕ್ಕಿಂತ ಜಾಸ್ತಿ ಎಗರುತ್ತದೆ. ಕೋಸ್ಟರಿನಲ್ಲಿ ಪ್ರತಿ ಬೋಗಿಗೂ ಅದರದೇ ಚಕ್ರ ಇದೆ, ಚಾಚುವ ಬಾಲ ಇಲ್ಲ. ಅಲ್ಲಿ ಲೆಕ್ಕ ಹೀಗೆ. ಇಡೀ ರೈಲು ಒಂದೇ ವೇಗದಲ್ಲಿ ಹೋಗುತ್ತದೆ. ರೈಲಿನ ನಡುಭಾಗ ದಿಬ್ಬದ ನೆತ್ತಿ ಮೇಲಿರುವಾಗ ವೇಗ ಎಲ್ಲಕ್ಕಿಂತ ಕಮ್ಮಿ. ಮುಂಭಾಗ ಕೆಳಗಿಳಿದು ಎಳೆಯತೊಡಗಿದ ಮೇಲೆ ವೇಗ ಏರುತ್ತದೆ. ಕೊನೆ ಬೋಗಿ ನೆತ್ತಿಗೆ ಬರುವಷ್ಟರಲ್ಲಿ ರೈಲು ಆಗಲೇ ಓಡುತ್ತಿರುತ್ತದೆ. ನೆತ್ತಿಯನ್ನು ಜೋರಾಗಿ ದಾಟಿದಷ್ಟೂ ಸೀಟಿನಿಂದ ಮೇಲೆದ್ದ ಅನುಭವ, ಕೋಸ್ಟರ್ ಭಾಷೆಯಲ್ಲಿ ಏರ್‌ಟೈಮ್, ಜಾಸ್ತಿ. ಮುಂದಿನ ಸೀಟಿನವರು ಮೊದಲ ಇಳಿಜಾರಿನಲ್ಲಿ ಚೈನಿನ ನಿಧಾನ ವೇಗದಲ್ಲೇ ನೆತ್ತಿ ದಾಟಿ, ಹಿಂದಿನವರು ಬರಲಿ ಅಂತ ಕೆಳಗೆ ನೋಡುತ್ತಾ ಒಂದು ಕ್ಷಣ ತೂಗುತ್ತಾರೆ. ಅದರ ಹೆದರಿಕೆ ಬೇರೆ ಬಗೆಯದು. ಮುಂದಿನ ದಿಬ್ಬಗಳಲ್ಲಿ ಮಾತ್ರ ಅವರಿಗೂ ಒಳ್ಳೆಯ ವೇಗ ಸಿಗುತ್ತದೆ, ಏಕೆಂದರೆ ರೈಲು ಸುಸ್ತಾಗುವ ಮೊದಲೇ ಅವರು ನೆತ್ತಿ ದಾಟಿರುತ್ತಾರೆ.

ಈ ಜಗಳ ರಿಕಾಯಿಲ್‌ನಲ್ಲಿ ಮಾತ್ರ ಬಗೆಹರಿಯುವುದಿಲ್ಲ. ಅದರ ಎರಡು ತುದಿಯ ಏರುಗಳಲ್ಲಿ ರೈಲು ನೆತ್ತಿ ದಾಟುವುದೇ ಇಲ್ಲ, ಏರಿದ ದಾರಿಯಲ್ಲೇ ವಾಪಸ್ ಬರುತ್ತದೆ. ಹೋಗುವಾಗ ಕೊನೆ ಸೀಟಿನವರು ಎತ್ತರದಲ್ಲಿ, ಬರುವಾಗ ಮೊದಲ ಸೀಟಿನವರು. ಸರಿಯಾಗಿ ಪರೀಕ್ಷೆ ಮಾಡಬೇಕಾದರೆ ಮುಂಬೈ-ಪುಣೆ ದಾರಿಯ ಖೋಪೋಲಿಯಲ್ಲಿರುವ ಇಮ್ಯಾಜಿಕಾ ಪಾರ್ಕಿನ ನೈಟ್ರೊ ಕೋಸ್ಟರ್‌ಗೆ ಹೋಗಿ. ಸುಮಾರು 40 ಮೀಟರ್ ಎತ್ತರ, ಕಾಲಿನ ಕೆಳಗೆ ನೆಲ ಇಲ್ಲದ ಬೋಗಿ. ಒಮ್ಮೆ ಮುಂದೆ, ಒಮ್ಮೆ ಹಿಂದೆ ಕೂತು ಬನ್ನಿ. ಹೊಟ್ಟೆ ತುಂಬ ತಿಂದು ಹತ್ತಬೇಡಿ.

ಆ ಗೆಳೆಯನನ್ನು ಮೊದಲ ಸಲ ನಡುವಿನ ಬೋಗಿಯಲ್ಲಿ ಕೂರಿಸಿ. ನೆತ್ತಿ ದಾಟುವಾಗ ಎಲ್ಲಕ್ಕಿಂತ ನಿಧಾನ ಅಲ್ಲೇ. ಏರುವಾಗ ಟಕ್ ಟಕ್ ಎಣಿಸಲು ಹೇಳಿ.